ಲೆಕ್ಕದ ಪ್ರತಿ ತೆಗೆಯಲು ಗಣಕಯಂತ್ರಕ್ಕೆ ವೇಳೆ ಗೊತ್ತುಪಡಿಸುವ ವಿಧಾನ

ಬೀಜ, ಗೊಬ್ಬರ, ಕೂಲಿ, ಸಾಲ, ಮಾರಾಟ ಇವುಗಳ ಲೆಕ್ಕವನ್ನು ಈಗ ಅನೇಕ ರೈತರೂ ರೈತ ಉತ್ಪಾದಕ ಸಂಸ್ಥೆಗಳೂ ಗಣಕಯಂತ್ರದಲ್ಲಿ ಇಡುತ್ತಿದ್ದಾರೆ. ಕಾಗದದ ಪುಸ್ತಕಕ್ಕೆ ಗೆದ್ದಲಿನ ಭಯವಿದ್ದಂತೆ ಗಣಕಯಂತ್ರದ ಹಾರ್ಡ್ ಡಿಸ್ಕಿಗೂ ಕೆಡುವ ಭಯ ಉಂಟು. ಅದು ಕೆಟ್ಟರೆ ಹಲವು ವರ್ಷಗಳ ಲೆಕ್ಕ ಒಂದೇ ದಿನದಲ್ಲಿ ಹೋಗಬಹುದು. ದಿನವೂ ಪ್ರತಿ ತೆಗೆದಿಡುವುದೇ ಇದಕ್ಕೆ ಪರಿಹಾರ. ಆದರೆ ಬಿತ್ತನೆ, ಒಕ್ಕಣೆಯ ದಿನಗಳಲ್ಲಿ ಇದು ಮರೆತುಹೋಗುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ಇರುವ ‘ಟಾಸ್ಕ್ ಶೆಡ್ಯೂಲರ್’ ಎಂಬ ಸೌಲಭ್ಯ ಈ ಕೆಲಸವನ್ನು ಗೊತ್ತಾದ ವೇಳೆಗೆ ತಾನೇ ಮಾಡುತ್ತದೆ. ಇದಕ್ಕೆ ಬೇರೆ ಖರ್ಚಿಲ್ಲ.

ಅಳವಡಿಸುವ ಕ್ರಮ

1. ಲೆಕ್ಕದ ಕಡತಗಳನ್ನೆಲ್ಲ ಒಂದೇ ಫೋಲ್ಡರಿನಲ್ಲಿಡಿ. ಅದರ ಹೆಸರಿನಲ್ಲಿ ಖಾಲಿ ಜಾಗ ಬೇಡ. ಒಂದು ಪೆನ್‌ಡ್ರೈವ್ ಜೋಡಿಸಿ.

2. ನೋಟ್‌ಪ್ಯಾಡಿನಲ್ಲಿ ಈ ಸಾಲನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯಿರಿ: ರೋಬೋಕಾಪಿ ಡಿ:\ಲೆಕ್ಕ ಇ:\ಪ್ರತಿ /ಇ /ಆರ್:2 /ಡಬ್ಲ್ಯೂ:5. ಮೊದಲನೆಯದು ಮೂಲ, ಎರಡನೆಯದು ಪ್ರತಿಯ ಜಾಗ. ಡ್ರೈವಿನ ಅಕ್ಷರಗಳು ನಿಮ್ಮ ಯಂತ್ರದಲ್ಲಿ ಇರುವಂತೆ ಇರಲಿ. ಕೊನೆಯ ಎರಡು ಗುರುತುಗಳನ್ನು ಬಿಡಬಾರದು. ಬಿಟ್ಟರೆ, ಪ್ರತಿಯಾಗದ ಕಡತಕ್ಕಾಗಿ ಈ ಆಜ್ಞೆ 30 ಸೆಕೆಂಡಿಗೊಮ್ಮೆಯಂತೆ 10 ಲಕ್ಷ ಸಲ ಯತ್ನಿಸುತ್ತದೆ.

3. ಉಳಿಸುವಾಗ ‘ಆಲ್ ಫೈಲ್ಸ್’ ಆರಿಸಿ, ಹೆಸರಿನ ಕೊನೆಗೆ ‘.ಬ್ಯಾಟ್’ ಸೇರಿಸಿ.

4. ಟಾಸ್ಕ್ ಶೆಡ್ಯೂಲರ್ ತೆರೆದು ‘ಕ್ರಿಯೇಟ್ ಬೇಸಿಕ್ ಟಾಸ್ಕ್’ ಒತ್ತಿ. ಹೆಸರು ಕೊಟ್ಟು, ‘ಡೈಲಿ’ ಆರಿಸಿ, ವೇಳೆ ತುಂಬಿ. ನಂತರ ‘ಸ್ಟಾರ್ಟ್ ಎ ಪ್ರೋಗ್ರಾಂ’ ಆರಿಸಿ ಆ ಕಡತವನ್ನು ತೋರಿಸಿ.

ಗಮನಿಸಬೇಕಾದ ಅಂಶಗಳು

ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ಕರೆಂಟು ಬಂದೊಡನೆ ಮೋಟಾರನ್ನು ಓಡಿಸುತ್ತದೆ. ಬಾವಿಯಲ್ಲಿ ನೀರಿದೆಯೇ ಎಂದು ನೋಡುವುದಿಲ್ಲ. ಇದೂ ಹಾಗೆಯೇ. ಆದ್ದರಿಂದ ಕೆಳಗಿನವನ್ನು ನೀವೇ ಸರಿಪಡಿಸಬೇಕು.

ಹೀಗೆ ಅಳವಡಿಸಿದ ಕೆಲಸ, ನೀವು ಲಾಗಿನ್ ಆಗಿರುವಾಗ ಮಾತ್ರ ನಡೆಯುತ್ತದೆ. ಹಾಗಾಗಿ ನೀವು ಯಂತ್ರದ ಮುಂದೆ ಕೂರುವ ವೇಳೆಯನ್ನೇ ಕೊಡಿ.

ಕರೆಂಟು ಹೋಗಿ ವೇಳೆ ತಪ್ಪಿದರೆ ಆ ದಿನದ ಪ್ರತಿ ತಪ್ಪುತ್ತದೆ. ‘ಸೆಟ್ಟಿಂಗ್ಸ್’ ಪುಟದಲ್ಲಿ, ತಪ್ಪಿದ ಕೆಲಸವನ್ನು ಆದಷ್ಟು ಬೇಗ ಮಾಡು ಎಂಬ ಅಂಶಕ್ಕೆ ಗುರುತು ಹಾಕಿ.

ಲ್ಯಾಪ್‌ಟಾಪಿನಲ್ಲಿ ಈ ಕೆಲಸ ಬ್ಯಾಟರಿಯ ಮೇಲೆ ಆರಂಭವಾಗದಂತೆ ಮೊದಲೇ ಗುರುತು ಇರುತ್ತದೆ. ‘ಕಂಡಿಷನ್ಸ್’ ಪುಟದಲ್ಲಿ ಅದನ್ನು ತೆಗೆಯಿರಿ.

ಮೂಲ ಕಡತದಲ್ಲಿ ತಪ್ಪಾದರೆ ಆ ತಪ್ಪೇ ಮಾರನೆಯ ದಿನ ಒಳ್ಳೆಯ ಪ್ರತಿಯ ಮೇಲೆ ಕೂರುತ್ತದೆ. ಆದುದರಿಂದ ತಿಂಗಳಿಗೊಮ್ಮೆ ಬೇರೊಂದು ಪೆನ್‌ಡ್ರೈವಿಗೆ ಪ್ರತಿ ತೆಗೆದು, ಅದನ್ನು ಯಂತ್ರದಿಂದ ಬಿಡಿಸಿ ಪೆಟ್ಟಿಗೆಯಲ್ಲಿಡಿ.

ಪರೀಕ್ಷೆ

‘ಲಾಸ್ಟ್ ರನ್ ರಿಸಲ್ಟ್’ ಎಂಬಲ್ಲಿ 1 ಬಂದರೆ ಕಡತ ಪ್ರತಿಯಾಗಿದೆ. 0 ಬಂದರೆ ಪ್ರತಿ ಮಾಡಲು ಹೊಸದೇನೂ ಇರಲಿಲ್ಲ. 8 ಅಥವಾ ಹೆಚ್ಚು ಬಂದರೆ ಕೆಲಸ ಕೆಟ್ಟಿದೆ. ಆದರೆ ಅಂಕಿಯನ್ನಷ್ಟೇ ನಂಬಬೇಡಿ. ವಾರಕ್ಕೊಮ್ಮೆ ಪೆನ್‌ಡ್ರೈವಿನಲ್ಲಿರುವ ಕಡತವನ್ನೇ ತೆರೆದು, ಕೊನೆಯದಾಗಿ ಬರೆದ ಲೆಕ್ಕ ಅಲ್ಲಿದೆಯೇ ಎಂದು ನೋಡಿಕೊಳ್ಳಿ. ತೆರೆದು ನೋಡದ ಪ್ರತಿ, ಮೊಳಕೆ ಪರೀಕ್ಷೆ ಮಾಡದ ಬಿತ್ತನೆ ಬೀಜದಂತೆ.