ಹಲ್ಲಿನ ಬೇರಿನಲ್ಲಿ ಬಿರುಕು

ಹಿರಣ್ಯಕೇಶಿಯ ನೀರುಂಡ ನಿಡಸೋಸಿ, ಸಂಕೇಶ್ವರಗಳ ಸುತ್ತಲಿನದು ಕಬ್ಬಿನ ಸೀಮೆ. ಗಳಿಗೆಗೊಂದು ಗಣಿಕೆಯಂತೆ ಕಬ್ಬನ್ನು ಹಲ್ಲಿನಿಂದಲೇ ಸಿಗಿದು ತಿನ್ನುವ ರೂಢಿ ಅಲ್ಲಿಯ ಮಕ್ಕಳಿಗೂ ಮುದುಕರಿಗೂ ಉಂಟು. ಆದರೆ ಹುಳುಕು ಆಳಕ್ಕಿಳಿದು ಒಳಗಿನ ತಿರುಳು ಕೊಳೆತಾಗ, ಹಲ್ಲನ್ನು ಕೀಳಿಸುವುದೊಂದೇ ಉಪಾಯವೆಂದು ತಿಳಿಯಬೇಕಾಗಿಲ್ಲ. ಬೇರಿನ ನಾಳವನ್ನು ಶುಚಿಗೊಳಿಸಿ, ಕೊರೆದು, ತುಂಬಿ ಹಲ್ಲನ್ನು ಉಳಿಸಿಕೊಳ್ಳಬಹುದು. ಬೆಳಗಾವಿಯಲ್ಲಿ 1985ರಿಂದಲೇ ದಂತವೈದ್ಯ ಕಾಲೇಜು ಇರುವುದರಿಂದ ಈ ಚಿಕಿತ್ಸೆ ಆ ಭಾಗದವರಿಗೆ ದೂರದ ಮಾತೂ ಅಲ್ಲ.

ಹೀಗೆ ಕೊರೆಯುವಾಗ ಬೇರೇ ಬಿರುಕು ಬಿಟ್ಟರೆ ಗತಿಯೇನು? ಈ ಪ್ರಶ್ನೆ ವೈದ್ಯರನ್ನೂ ಬಹಳ ಕಾಲ ಕಾಡಿದೆ. ಬೇರು ಉದ್ದುದ್ದಕ್ಕೆ ಸೀಳಿದರೆ ಬಹುತೇಕ ಹಲ್ಲನ್ನು ತೆಗೆಯಲೇಬೇಕಾಗುತ್ತದೆ.

ನಾಳವೆಂದರೆ ನೆಟ್ಟನೆಯ ಕೊಳವೆಯಲ್ಲ. ಸಣ್ಣದು, ತುದಿಯತ್ತ ಬಾಗಿದ್ದು. ಮೊದಲು ಬಳಕೆಯಲ್ಲಿದ್ದುದು ಕೈಯಿಂದ ತಿರುಗಿಸುವ ಉಕ್ಕಿನ ಅರ. ಉಕ್ಕು ಬಾಗಲೊಲ್ಲದು, ಬಾಗಿದ ನಾಳದಲ್ಲಿ ಅದು ಒಂದೇ ಗೋಡೆಯನ್ನು ಒತ್ತುತ್ತದೆ. 1988ರಲ್ಲಿ ನಿಕ್ಕಲ್ ಮತ್ತು ಟೈಟಾನಿಯಂಗಳ ಮಿಶ್ರಲೋಹದ ಅರ ಈ ಕೆಲಸಕ್ಕೆ ತಕ್ಕದ್ದೆಂದು ತೋರಿಬಂತು. ಬಳುಕಿದರೂ ಮತ್ತೆ ನೆಟ್ಟಗಾಗುವುದು ಅದರ ಗುಣ. ಅದನ್ನು ಯಂತ್ರಕ್ಕೆ ಜೋಡಿಸಿ ತಿರುಗಿಸತೊಡಗಿದರು. ಅನಂತರ ಒಂದು ದಿಕ್ಕಿಗೆ ಕೊರೆದು, ತುಸು ಹಿಂದಕ್ಕೆ ಸಡಿಲಿಸಿ, ಮತ್ತೆ ಮುಂದುವರಿಯುವ ಕ್ರಮವೂ ಬಂತು. ಕೆಲಸ ಬೇಗ ಮುಗಿಯುತ್ತದೆ.

2009ರ ಸುಮಾರಿಗೆ ಕೆಲವು ಸಂಶೋಧಕರು ಕಿತ್ತ ಹಲ್ಲುಗಳನ್ನು ಕೊರೆದು, ಅಡ್ಡಲಾಗಿ ಹೋಳು ಮಾಡಿ ಸೂಕ್ಷ್ಮದರ್ಶಕದಿಂದ ನೋಡಿದರು. ಕೈ ಅರದಿಂದ ಕೊರೆದವುಗಳಲ್ಲಿ ಬಿರುಕಿರಲಿಲ್ಲ. ಯಂತ್ರದಿಂದ ಕೊರೆದ ಕೆಲವುಗಳಲ್ಲಿ ಇತ್ತು. ಯಂತ್ರವೇ ಅಪರಾಧಿ ಎಂಬ ಭಯ ಹುಟ್ಟಿತು.

ಆದರೆ ಹೋಳಾದ ಹಲ್ಲು ಮೊದಲು ಹೇಗಿತ್ತೆಂಬುದನ್ನು ಯಾರು ಕಂಡಿದ್ದರು? ಇಕ್ಕಳದ ಎಳೆತ, ಒಣಗುವಿಕೆ, ಗರಗಸದ ಏಟು, ಇವೂ ಬಿರುಕು ತರಬಲ್ಲವು. 2014ರ ಬಳಿಕ ಸೂಕ್ಷ್ಮ ಗಣಕ-ಕ್ಷಕಿರಣದಿಂದ ಒಂದೇ ಹಲ್ಲನ್ನು ಕೊರೆಯುವ ಮುನ್ನವೂ ಕೊರೆದ ಮೇಲೂ ಚಿತ್ರಿಸಲಾಯಿತು. ಮೇಲೆ ಕಂಡ ಬಿರುಕುಗಳೆಲ್ಲ ಮುನ್ನವೇ ಇದ್ದವು, ಹೊಸದೊಂದೂ ಹುಟ್ಟಿರಲಿಲ್ಲ. ಮೃತದೇಹದ ದವಡೆಯ ಎಲುಬಿನಲ್ಲಿಯೇ ಇದ್ದ ಹಲ್ಲುಗಳನ್ನು ಪರೀಕ್ಷಿಸಿದಾಗಲೂ ಹೊಸ ಬಿರುಕು ಕಾಣಲಿಲ್ಲ.

ಆದಕಾರಣ ಯಂತ್ರವೆಂದ ಮಾತ್ರಕ್ಕೆ ಅಂಜಬೇಕಾಗಿಲ್ಲ. ಹಾಗೆಂದು ಬೇರನ್ನು ಎಷ್ಟು ಬೇಕಾದರೂ ಕೊರೆಯಬಹುದೆಂದೂ ಅಲ್ಲ. ದಂತಧಾತು ಹೆಚ್ಚು ಹೋದಷ್ಟೂ ಹಲ್ಲು ಬಲಹೀನ. ಗೋಡೆ ತೆಳುವಾದ ಕಣಜ ಭಾರ ತಾಳೀತೆ?

ಮನೆಯವರು ಗಮನಿಸಬೇಕಾದುದಿಷ್ಟು. ಚಿಕಿತ್ಸೆಯಾದ ದವಡೆಹಲ್ಲಿಗೆ ಟೋಪಿ ಹಾಕಿಸಬೇಕೇ ಎಂದು ವೈದ್ಯರನ್ನು ಕೇಳಿ, ತಡಮಾಡದೆ ಹಾಕಿಸಿಕೊಳ್ಳಿ. ಅಲ್ಲಿಯವರೆಗೆ ಕಬ್ಬನ್ನು, ಗಟ್ಟಿ ಅಡಿಕೆಯನ್ನು ಆ ಬದಿಯಲ್ಲಿ ಕಡಿಯಬೇಡಿ. ಕಚ್ಚಿದಾಗ ನೋವು, ವಸಡಿನ ಮೇಲೆ ಮತ್ತೆ ಮತ್ತೆ ಏಳುವ ಕೀವಿನ ಗುಳ್ಳೆ, ಇವು ಬೇರು ಸೀಳಿರುವ ಸೂಚನೆಯಾಗಿರಬಹುದು. ಕ್ಷಕಿರಣದ ಚಿತ್ರದಲ್ಲಿ ಆ ಸೀಳು ಆರಂಭದಲ್ಲಿ ಕಾಣದೆಯೂ ಇರಬಹುದಾದ್ದರಿಂದ, ಚಿತ್ರ ಸರಿಯಿದೆಯೆಂದು ಸುಮ್ಮನಿರದೆ ನೋವನ್ನು ವೈದ್ಯರಿಗೆ ಬಿಡಿಸಿ ಹೇಳುವುದು ಒಳಿತು.