ಕುಡಿಯೋ ಅಪ್ಪನಿಗೆ ಮಗು ತೋರಿಸಬೇಕಾ?

ಮೊನ್ನೆ ಫೋನ್-ಇನ್‌ನಲ್ಲಿ ಹಾಸನದ ಕಡೆಯವರೊಬ್ಬರು ಲೈನ್‌ಗೆ ಬಂದ್ರು. "ಮೇಡಂ, ಕುಡಿಯೋದು ಬಿಟ್ಟು ಎಂಟು ತಿಂಗಳಾಯ್ತು. ಆದ್ರೂ ಮಗಳನ್ನ ನೋಡೋಕೆ ಬಿಡ್ತಿಲ್ಲ" ಅಂದ್ರು. ಅಷ್ಟರಲ್ಲಿ ಬ್ರೇಕ್. ಲೈನ್ ಕಟ್ ಮಾಡಿದೆವು. ಬ್ರೇಕ್ ಮುಗಿದಾಗ ಇನ್ನೊಂದು ಕರೆ, ಒಬ್ಬ ಹೆಣ್ಣುಮಗಳದ್ದು. "ಕೋರ್ಟ್ ಆರ್ಡರ್ ಪ್ರಕಾರ ಪ್ರತಿ ಭಾನುವಾರ ಮಗನನ್ನ ಕಳಿಸ್ತೀನಿ. ಅವರು ಕುಡಿದೇ ಬೈಕ್‌ನಲ್ಲಿ ಕೂರಿಸ್ಕೊಂಡು ಹೋಗ್ತಾರೆ. ಕಳಿಸದಿದ್ರೆ ತಪ್ಪು ನನ್ನ ತಲೆಗೆ. ಏನ್ಮಾಡ್ಲಿ?" ಸ್ಟುಡಿಯೋದಲ್ಲಿದ್ದ ನಾಲ್ವರು ಅತಿಥಿಗಳು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದ್ರು. ಇಬ್ಬರಿಗೂ ಉತ್ತರ ಸಿಗಲಿಲ್ಲ. ಆ ಬಾಕಿ ಇವತ್ತು ತೀರಿಸ್ತೀನಿ.

"ಕುಡುಕ ಅಂತ ಪ್ರೂವ್ ಮಾಡಿದ್ರೆ ಸಾಕು, ಮಗು ನಮ್ಮದೇ" ಅನ್ನೋ ಮಾತು ಎಲ್ಲ ಕಡೆ ಕೇಳಿ ಬರುತ್ತೆ. ಹಾಗಂತ ಬರೆದ ಕಾನೂನು ಇಲ್ಲ ವೀಕ್ಷಕರೇ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಇರಲಿ, 1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆ ಇರಲಿ, ತಕ್ಕಡಿಯಲ್ಲಿ ಇಡೋದು ಮಗುವಿನ ಹಿತವನ್ನ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಅಂತ 1956ರ ಕಾಯ್ದೆ ಹೇಳುತ್ತೆ. ಆ 'ಸಾಮಾನ್ಯವಾಗಿ' ಅನ್ನೋ ಪದ ಗಮನಿಸಿ. ನಿದ್ದೆ ಮಾತ್ರೆಗೆ ಅಂಟಿಕೊಂಡ ಅಮ್ಮಂದಿರೂ ಇದ್ದಾರೆ, ಅವರಿಗೂ ಇದೇ ತಕ್ಕಡಿ. ಜಡ್ಜ್ ಮುಂದಿರೋ ಪ್ರಶ್ನೆ 'ಇವನು ಕುಡೀತಾನಾ' ಅನ್ನೋದಷ್ಟೇ ಅಲ್ಲ. ಇವನು ಕುಡಿದಾಗ ಮಗುವಿಗೆ ಏನಾಗುತ್ತೆ?

ಹಾಗಾಗಿ ಮದುವೆ ಮನೆಯಲ್ಲಿ ಗ್ಲಾಸ್ ಹಿಡಿದ ಫೋಟೋ ತಂದ್ರೆ ಹೆಚ್ಚೇನೂ ಆಗಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಪೊಲೀಸ್ ದೂರು, 'ತಂದೆ ಅಮಲಿನಲ್ಲಿ ಬಂದಿದ್ದರು' ಅಂತ ಶಾಲೆಯವರು ಬರೆದ ಒಂದು ಸಾಲು, ಇವಕ್ಕೆ ತೂಕ ಜಾಸ್ತಿ. ಫ್ಯಾಮಿಲಿ ಕೋರ್ಟ್ ತಜ್ಞ ವೈದ್ಯರ, ಆಪ್ತಸಮಾಲೋಚಕರ ನೆರವನ್ನೂ ಕೇಳಬಹುದು.

ಟೆಸ್ಟ್ ಮಾಡಿಸಿ ಅಂತ ಕೋರ್ಟ್ ಹೇಳಬಹುದಾ? ಹೇಳಬಹುದು. 2003ರ ಶಾರದಾ-ಧರ್ಮಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವೈವಾಹಿಕ ವ್ಯಾಜ್ಯದಲ್ಲಿ ವೈದ್ಯಕೀಯ ಪರೀಕ್ಷೆಗೆ ಆದೇಶಿಸೋ ಅಧಿಕಾರ ಇದೆ ಅಂದಿದೆ. ಆದರೆ ಮೇಲ್ನೋಟಕ್ಕಾದರೂ ಗಟ್ಟಿ ಆಧಾರ ಇರಬೇಕು. ಆದೇಶ ಆದಮೇಲೂ 'ಬರಲ್ಲ' ಅಂದ್ರೆ, ಆ ನಿರಾಕರಣೆಯನ್ನೇ ಅವರ ವಿರುದ್ಧ ಪರಿಗಣಿಸಬಹುದು.

ಇಲ್ಲಿ ನನ್ನೊಳಗಿನ ಇಂಜಿನಿಯರ್ ಸುಮ್ನಿರಲ್ಲ. ಒಂದೇ ರೀಡಿಂಗ್ ತಂದು ಗ್ರಾಫ್ ಎಳೆದ್ರೆ ನಮ್ಮ ಲ್ಯಾಬ್ ಮೇಷ್ಟ್ರು ರೆಕಾರ್ಡ್ ಬುಕ್ ಕಿಟಕಿಯಿಂದ ಎಸೀತಿದ್ರು. ಮದ್ಯದ ಟೆಸ್ಟೂ ಅಷ್ಟೇ. ಉಸಿರಿನ ಪರೀಕ್ಷೆ ಹೇಳೋದು ಕೆಲವೇ ಗಂಟೆಗಳ ಕಥೆ. ಮೂತ್ರದ ಇಟಿಜಿ ಪರೀಕ್ಷೆ ಎರಡು-ಮೂರು ದಿನ ಹಿಂದಕ್ಕೆ ಹೋಗುತ್ತೆ. ರಕ್ತದ ಸಿಡಿಟಿ ಪರೀಕ್ಷೆ ಕೆಲವು ವಾರಗಳ ಭಾರೀ ಕುಡಿತದ ಸುಳಿವು ಕೊಡುತ್ತೆ, ಅಪರೂಪಕ್ಕೊಂದು ಪೆಗ್ ಅದಕ್ಕೆ ಕಾಣೋದೇ ಇಲ್ಲ. ಒಂದು ನೆಗೆಟಿವ್ ರಿಪೋರ್ಟ್ ಹಿಡ್ಕೊಂಡು 'ನಾನು ಶುದ್ಧ' ಅನ್ನೋದು, ಒಂದು ಪಾಸಿಟಿವ್ ಹಿಡ್ಕೊಂಡು 'ಇವನ ಕಥೆ ಮುಗೀತು' ಅನ್ನೋದು, ಎರಡೂ ಲೆಕ್ಕ ತಪ್ಪು.

ಇನ್ನು ಭೇಟಿ. ನಮ್ಮವರ ತಲೆಯಲ್ಲಿ ಇರೋದು ಎರಡೇ: ಕೊಡೋದು, ಇಲ್ಲಾ ಕೊಡದೇ ಇರೋದು. ಕೋರ್ಟ್ ಕೈಯಲ್ಲಿ ಮೆಟ್ಟಿಲುಗಳಿವೆ. ಮೊದಲು ವಿಡಿಯೋ ಕಾಲ್. ಆಮೇಲೆ ಕೋರ್ಟ್ ಆವರಣದಲ್ಲೇ ಒಂದೆರಡು ಗಂಟೆ, ಕಣ್ಣಳತೆಯಲ್ಲಿ. ಆಮೇಲೆ ಅಜ್ಜ-ಅಜ್ಜಿ ಜೊತೆಗಿದ್ದಾಗ ಹಗಲಿನ ಭೇಟಿ. ಮಗು ಜೊತೆಗಿರುವಾಗ ಕುಡಿಯಬಾರದು, ಗಾಡಿ ಓಡಿಸಬಾರದು ಅನ್ನೋ ಷರತ್ತು. ರಾತ್ರಿ ಉಳಿಸ್ಕೊಳ್ಳೋದು ಕೊನೆಯ ಮೆಟ್ಟಿಲು. 2020ರ ಯಶಿತಾ ಸಾಹು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಪ್ಪ-ಅಮ್ಮ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು ಅಂತ ಹೇಳಿ, ಫೋನ್, ವಿಡಿಯೋ ಸಂಪರ್ಕದ ಬಗ್ಗೆಯೂ ವಿವರವಾಗಿ ಬರೆದಿದೆ. ಯಾವ ಕಸ್ಟಡಿ ಆದೇಶವೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಪರಿಸ್ಥಿತಿ ಬದಲಾದ್ರೆ ಬದಲಾಯಿಸಿ ಅಂತ ಕೇಳಬಹುದು.

ಈಗ ಆ ತಾಯಿಗೆ. ಅಮ್ಮಾ, ಸುಮ್ಮನೆ ಕಳಿಸೋದು ನಿಲ್ಲಿಸಬೇಡಿ, ಆದೇಶ ಮೀರಿದ ಹಾಗಾಗುತ್ತೆ. ಇದೇ ವಾರ ವಕೀಲರ ಮೂಲಕ ಷರತ್ತು ಬದಲಿಸೋಕೆ ಅರ್ಜಿ ಹಾಕಿ. ಆದರೆ ಅವರು ಅಮಲಲ್ಲೇ ಬಾಗಿಲಿಗೆ ಬಂದ್ರೆ? ಮಗುವನ್ನ ಬೈಕ್ ಹತ್ತಿಸಬೇಡಿ. 112ಕ್ಕೆ ಕರೆ ಮಾಡಿ, ಪಕ್ಕದ ಮನೆಯವರನ್ನ ಕರೀರಿ, ದಿನಾಂಕ-ಸಮಯ ಬರೆದಿಡಿ, ಮಾರನೇ ದಿನವೇ ಕೋರ್ಟ್ ಗಮನಕ್ಕೆ ತನ್ನಿ. ರಕ್ತದಲ್ಲಿ 100 ಮಿಲಿಗೆ 30 ಮಿಲಿಗ್ರಾಂ ಮೀರಿದ್ರೆ ಗಾಡಿ ಓಡಿಸೋದೇ ಅಪರಾಧ, ಹಿಂದೆ ಮಗು ಇರಲಿ ಬಿಡಲಿ. ಮನೆಯಲ್ಲಿ ಹೊಡೆತ-ಬಡಿತವೂ ಇದ್ರೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು, ಮಗುವಿಗೆ ಹಾನಿ ಅನ್ನಿಸಿದ್ರೆ, ಭೇಟಿಯನ್ನೇ ನಿರಾಕರಿಸಬಹುದು.

ಒಂದೇ ಒಂದು ಕೆಲಸ ಮಾತ್ರ ಬೇಡ. ವರದಿಗಾರಿಕೆಯ ದಿನಗಳಲ್ಲಿ ಒಂದು ಹುಡುಗ ಸಿಕ್ಕಿದ್ದ, ಒಂಬತ್ತು ವರ್ಷ ಇರಬೇಕು. ಅಪ್ಪ ಮುದ್ದು ಮಾಡೋಕೆ ಬಾಗಿದಾಗ ಮೊದಲು ಬಾಯಿ ಮೂಸಿ ನೋಡ್ತಿದ್ದ. ಮನೆಗೆ ಹೋಗಿ ಅಜ್ಜಿಗೆ ರಿಪೋರ್ಟ್ ಕೊಡಬೇಕಿತ್ತು. ಮಗು ತಿಳಿವಳಿಕೆಯ ವಯಸ್ಸಿಗೆ ಬಂದಿದ್ರೆ ಅದರ ಇಷ್ಟ ಏನು ಅಂತ ಜಡ್ಜ್ ಚೇಂಬರ್‌ಗೆ ಕರೆದು ತಾವೇ ಕೇಳ್ತಾರೆ. ಅದನ್ನ ಗೂಢಚಾರ ಮಾಡಬೇಡಿ.

ಹಾಸನದ ಅಣ್ಣನಿಗೆ. ಎಂಟು ತಿಂಗಳು ಸಣ್ಣ ಮಾತಲ್ಲ. ಆದ್ರೆ ಕೋರ್ಟಿಗೆ ಬೇಕಿರೋದು ಬಾಯಿಮಾತಲ್ಲ, ಕಾಗದ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ರ ಆಗಲಿ, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲಾಗಲಿ ಫಾಲೋ-ಅಪ್ ಇಟ್ಕೊಳ್ಳಿ, ಪ್ರತಿ ಚೀಟಿ ಜೋಪಾನ ಮಾಡಿ. ಮೊದಲ ಅರ್ಜಿಯಲ್ಲೇ ಪೂರ್ತಿ ಕಸ್ಟಡಿ ಕೇಳಬೇಡಿ, ವಾರಕ್ಕೊಂದು ವಿಡಿಯೋ ಕಾಲ್, ತಿಂಗಳಿಗೆರಡು ಭೇಟಿ ಕೇಳಿ. ಸಿಕ್ಕಿದ್ದನ್ನ ಒಂದೂ ತಪ್ಪಿಸಬೇಡಿ. ಮಧ್ಯೆ ಒಮ್ಮೆ ಕಾಲು ಜಾರಿದ್ರೆ ವೈದ್ಯರಿಗೂ ವಕೀಲರಿಗೂ ನೀವೇ ಹೇಳಿ. ಬಚ್ಚಿಟ್ಟು ಸಿಕ್ಕಿಬಿದ್ರೆ ಎಂಟು ತಿಂಗಳೂ ನೀರಲ್ಲಿ ಹೋಮ.

ಅವರ ನಂಬರ್ ನಮ್ಮ ಕಂಟ್ರೋಲ್ ರೂಮಿನ ರಿಜಿಸ್ಟರ್‌ನಲ್ಲಿದೆ. ನಾಳೆ ಬುಲೆಟಿನ್‌ಗೆ ಮುಂಚೆ ನಾನೇ ಫೋನ್ ಮಾಡ್ತೀನಿ, ಬ್ರೇಕ್ ಇಲ್ಲದ ಹೊತ್ತಲ್ಲಿ.