ನೆಲದ ಶುದ್ಧಿಗೆ ಆಸಿಡ್ ಬೇಕೆ?

ಮೈ ಮತ್ತು ಬಟ್ಟೆಯಂತೆ ನಮಾಝಿಗೆ ನಿಲ್ಲುವ ಜಾಗವೂ ಶುದ್ಧವಾಗಿರಬೇಕು ಎಂಬುದನ್ನು ನಾವೆಲ್ಲ ಮದ್ರಸದಲ್ಲೇ ಕಲಿತಿದ್ದೇವೆ. ಆದರೆ ಮನೆಯ ನೆಲ ತೊಳೆಯಲು ನಿಂತಾಗ ಶುದ್ಧಿ ಬೇರೆ, ಹೊಳಪು ಬೇರೆ ಎಂಬುದು ಮರೆತುಹೋಗುತ್ತದೆ. ರಮಝಾನ್ ಹತ್ತಿರ ಬಂತೆಂದರೆ ಸುಣ್ಣ ಬಣ್ಣದ ಜೊತೆಗೆ ಒಂದೆರಡು ಬಾಟಲಿ ಆಸಿಡ್ ಕೂಡ ಮನೆ ಸೇರುತ್ತದೆ.

ಹಳ್ಳಿಗಾಡಿನ ಅರಬನೊಬ್ಬ ಪ್ರವಾದಿಯವರ(ಸ) ಮಸೀದಿಯೊಳಗೆ ಮೂತ್ರ ಮಾಡಿದ ಪ್ರಸಂಗ ಬುಖಾರಿ, ಮುಸ್ಲಿಮ್ ಎರಡರಲ್ಲೂ ಬಂದಿದೆ. ಗದರಿಸಲು ಹೊರಟ ಸಹಾಬಿಗಳನ್ನು ಪ್ರವಾದಿ(ಸ) ತಡೆದರು. ಬಳಿಕ ಆ ಜಾಗದ ಮೇಲೆ ನೀರು ಸುರಿಯಲು ಹೇಳಿದರು. ಅಷ್ಟೇ. ಮನೆಯಲ್ಲಿ ಮಗು ನೆಲ ಒದ್ದೆ ಮಾಡಿದಾಗಲೂ ಬೇಕಾದದ್ದು ನೀರೇ. ಮೊದಲು ಹಳೆಯ ಬಟ್ಟೆಯಿಂದ ಹೀರಿಸಿ ತೆಗೆಯಬೇಕು, ಆಮೇಲೆ ನೀರು ಹಾಕಿ ಬೇರೆ ಶುದ್ಧ ಬಟ್ಟೆಯಿಂದ ತೆಗೆಯಬೇಕು. ಅದೇ ಒದ್ದೆ ಬಟ್ಟೆಯನ್ನು ಕೋಣೆಯ ತುಂಬ ಎಳೆದಾಡಿದರೆ ಅಶುದ್ಧಿಯನ್ನು ಹರಡಿದಂತಾಗುತ್ತದೆ.

ಹಾಗಾದರೆ ಆಸಿಡ್ ಮಾಡುವುದೇನು? ನಮ್ಮ ದರೋಜಿ, ಕಂಪ್ಲಿ, ಸಂಡೂರು ಕಡೆಯ ಹಳೆಯ ಮನೆಗಳಲ್ಲಿ ಶಹಾಬಾದಿ ಪರಸಿ, ಅಡುಗೆ ಕಟ್ಟೆಗೆ ಕಡಪ ಕಲ್ಲು ಸಾಮಾನ್ಯ. ಇವೆರಡೂ ಸುಣ್ಣಕಲ್ಲಿನ ಜಾತಿ. ಹುಳಿ ಪದಾರ್ಥ ತಾಗಿದರೆ ಕಲ್ಲಿನ ಸುಣ್ಣ ಕರಗಿ ಹೋಗುತ್ತದೆ. ಕಡಪ ಕಟ್ಟೆಯ ಮೇಲೆ ನಿಂಬೆರಸ, ಹುಣಸೆ ನೀರು ಚೆಲ್ಲಿದಲ್ಲಿ ಮಾಸಲು ಬಿಳಿ ಕಲೆ ಉಳಿಯುವುದನ್ನು ಗೃಹಿಣಿಯರೆಲ್ಲ ಕಂಡಿದ್ದಾರೆ. ಅದು ಅಂಟಿದ ಕೊಳೆಯಲ್ಲ, ಕಲ್ಲೇ ಸವೆದ ಗುರುತು. ಎಷ್ಟು ಉಜ್ಜಿದರೂ ಹೋಗದು, ಪಾಲಿಶ್ ಮಾಡಿಸಬೇಕಷ್ಟೆ. ನಿಂಬೆಯೇ ಇಷ್ಟು ಮಾಡಿದರೆ ಆಸಿಡ್ ಏನು ಮಾಡೀತು! ಮಾರ್ಬಲ್‌ಗೂ ಇದೇ ಗತಿ. ಗ್ರಾನೈಟ್ ಮಾತ್ರ ಹಂಪಿಯ ಬಂಡೆಗಳ ಜಾತಿಯದು, ನಿಂಬೆಗೆ ಜಗ್ಗುವುದಿಲ್ಲ. ನಿಮ್ಮದು ಯಾವ ಕಲ್ಲೆಂದು ತಿಳಿಯದಿದ್ದರೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ಐದು ನಿಮಿಷದ ಮೇಲೆ ಒರೆಸಿ ನೋಡಿ. ಹೊಳಪು ಸತ್ತಿದ್ದರೆ ಅದಕ್ಕೆ ಹುಳಿ ಆಗದು.

ಟೈಲ್ಸ್ ಹಾಕಿಸಿದವರು ತಮಗೆ ಈ ಚಿಂತೆ ಇಲ್ಲವೆಂದುಕೊಳ್ಳುತ್ತಾರೆ. ಟೈಲ್ಸ್ ಆಸಿಡ್ ತಡೆದೀತು, ನಡುವಿನ ಸಂದಿಗೆ ತುಂಬಿದ ಸಿಮೆಂಟ್ ತಡೆಯದು. ಮೊದಲ ದಿನ ಸಂದಿ ಬೆಳ್ಳಗಾಗುತ್ತದೆ, ಏಕೆಂದರೆ ಅದರ ಮೇಲ್ಪದರವೇ ತೊಳೆದುಹೋಗಿರುತ್ತದೆ. ಆಮೇಲೆ ಅದು ಸ್ಪಂಜಿನಂತೆ ಕೊಳೆ ಹೀರಿ ಮೊದಲಿಗಿಂತ ಕಪ್ಪಾಗುತ್ತದೆ. ಬಚ್ಚಲಲ್ಲಾದರೆ ನೀರು ಟೈಲ್ಸ್ ಅಡಿಗೆ ಇಳಿಯುತ್ತದೆ. ಸಂದಿಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಬಹುಪಾಲು ಕೊಳೆ ಬಿಡುತ್ತದೆ. ಉದುರಿದ ಕಡೆ ಕೆರೆದು ಹೊಸ ಗ್ರೌಟ್ ತುಂಬಿಸುವುದೇ ಸರಿ.

ಇನ್ನು ನಮ್ಮ ಕಡೆಯ ಕೆಂಪು ಧೂಳು. ಅದಿರಿನ ಈ ಧೂಳು ಕಬ್ಬಿಣದ ಆಕ್ಸೈಡ್, ತುಕ್ಕಿನ ಬಂಧು. ಬ್ಲೀಚಿಂಗ್ ಪೌಡರ್ ಇದರ ಮುಂದೆ ನಡೆಯದು. ಮೊದಲೇ ಒದ್ದೆ ಬಟ್ಟೆ ಹಾಕಿದರೆ ಧೂಳು ಕೆಸರಾಗಿ ಸಂದಿಗೆ ಇಳಿದು ಕೂರುತ್ತದೆ. ಆದ್ದರಿಂದ ಒಣಗಿದ್ದಾಗಲೇ ಮೆತ್ತನೆಯ ಕಸಬರಿಗೆಯಿಂದ ಪೂರ್ತಿ ಗುಡಿಸಿ, ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿದ ನೀರಿನಿಂದ ಒರೆಸಿ, ಕೊನೆಗೆ ಬರಿ ನೀರಿನಿಂದ. ಬಾಗಿಲ ಹೊರಗೊಂದು, ಒಳಗೊಂದು ಕಾಲೊರಸು ಇದ್ದರೆ ಅರ್ಧ ಕೆಲಸ ಕಡಿಮೆ.

ಎಲ್ಲಕ್ಕಿಂತ ಮುಖ್ಯ ಮಾತು: ಆಸಿಡ್ ಮತ್ತು ಬ್ಲೀಚಿಂಗ್ ಪೌಡರನ್ನು ಎಂದಿಗೂ ಒಟ್ಟಿಗೆ ಬಳಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ಶ್ವಾಸಕೋಶವನ್ನು ಸುಡುತ್ತದೆ, ಜೀವಕ್ಕೂ ಎರವಾಗಬಹುದು. ಕಣ್ಣುರಿ, ಕೆಮ್ಮು ಶುರುವಾದರೆ ತೊಳೆಯುವುದನ್ನು ಅಲ್ಲಿಗೇ ಬಿಟ್ಟು ಹೊರಗೆ ಬನ್ನಿ. ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮನೆಗೆಲಸಕ್ಕೆ ಬರುವ ಅಕ್ಕನ ಕೈಗೆ ಎರಡೂ ಬಾಟಲಿ ಕೊಟ್ಟು ನಾವು ಹೊರಗೆ ಕೂರುವುದಂತೂ ಅವರ ಹಕ್ಕಿಗೆ ಮಾಡುವ ಅನ್ಯಾಯ.

ಬಕ್ರೀದ್ ದಿನ ನೆಲಕ್ಕೆ ಬಿದ್ದ ರಕ್ತವನ್ನು ಒಣಗಲು ಬಿಡದೆ ತಣ್ಣೀರಿನಲ್ಲೇ ತೊಳೆಯಿರಿ. ಬಿಸಿನೀರು ಹಾಕಿದರೆ ರಕ್ತ ಗಟ್ಟಿಯಾಗಿ ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಶೇರ್ವಾದ ಎಣ್ಣೆ ಪರಸಿಗೆ ಇಳಿದಿದ್ದರೆ ಮೈದಾ ಹಿಟ್ಟನ್ನೋ ಸೋಡಾವನ್ನೋ ನೀರಲ್ಲಿ ಗಟ್ಟಿಯಾಗಿ ಕಲಸಿ ಕಲೆಯ ಮೇಲೆ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಒಂದು ದಿನ ಬಿಟ್ಟು ತೆಗೆಯಿರಿ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೊಮ್ಮೆ.

ಕಲ್ಲಿನ ಮೇಲೆ ಬಿಟ್ಟ ನೀರಿನ ಹನಿ ಕೆಲವೇ ನಿಮಿಷದಲ್ಲಿ ಇಂಗಿ ಆ ಜಾಗ ಕಪ್ಪಾದರೆ, ಕಲೆಯನ್ನೂ ಅದು ಹಾಗೆಯೇ ಹೀರುತ್ತದೆಂದು ತಿಳಿಯಿರಿ. ಅಂಥ ನೆಲಕ್ಕೆ ಕಲ್ಲಿನೊಳಗೆ ಇಳಿಯುವ ಸೀಲರ್ ಹಚ್ಚಿಸಬಹುದು. ಹಚ್ಚುವ ಮುನ್ನ ನೆಲ ತೊಳೆದು ಪೂರ್ತಿ ಒಣಗಿಸಬೇಕು. ಹಬ್ಬದ ಹಿಂದಿನ ದಿನ ಅವಸರದಲ್ಲಿ ಮಾಡಿಸುವ ಕೆಲಸವಲ್ಲ ಇದು, ಶಾಬಾನ್ ತಿಂಗಳಲ್ಲೇ ಮುಗಿಸಿಕೊಳ್ಳಿ.